ಬಾಗಿಲ ಬಳಿಯ ಕುದುರೆ

ಕೇಳುಗರಿಗೆ ನಮಸ್ಕಾರ.

ಇಂಗ್ಲಿಷಿನಲ್ಲಿ ‘ಹಾಬ್ಸನ್ಸ್ ಚಾಯ್ಸ್’ ಎಂಬ ನುಡಿಗಟ್ಟಿದೆ. ಆರಿಸಿಕೊಳ್ಳಿ ಅನ್ನುತ್ತಾರೆ, ನೋಡಿದರೆ ಎದುರಿಗಿರುವುದು ಒಂದೇ. ಬೇಕಾದರೆ ತಗೊಳ್ಳಿ, ಇಲ್ಲವಾದರೆ ಬಿಡಿ. ಎರಡು ಕಷ್ಟಗಳ ನಡುವೆ ಸಿಕ್ಕಿಕೊಂಡಾಗಲೂ ಕೆಲವರು ಈ ಮಾತನ್ನು ಬಳಸುತ್ತಾರೆ. ಅದರ ಮೂಲ ಅರ್ಥ ಅದಲ್ಲ.

ಥಾಮಸ್ ಹಾಬ್ಸನ್ 16-17ನೇ ಶತಮಾನದಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್ ಊರಿನಲ್ಲಿದ್ದವನು. ಅಪ್ಪ ಬಿಟ್ಟುಹೋದ ಗಾಡಿ ಮತ್ತು 8 ಕುದುರೆಗಳಿಂದ ಬಾಳು ಕಟ್ಟಿದವನು. ಕೇಂಬ್ರಿಡ್ಜಿಗೂ ಲಂಡನ್ನಿಗೂ ನಡುವೆ ಸಾಮಾನು, ಕಾಗದಪತ್ರ ಸಾಗಿಸುವುದು ಅವನ ಕಸುಬು. ಜೊತೆಗೆ ಕುದುರೆಗಳನ್ನು ಬಾಡಿಗೆಗೂ ಕೊಡುತ್ತಿದ್ದ. ಬೂಟು, ಲಗಾಮು, ಚಾಟಿ ಎಲ್ಲವೂ ಅವನಲ್ಲೇ ಸಿಗುತ್ತಿದ್ದವು.

ಬಾಡಿಗೆಗೆ ಬರುವವರಲ್ಲಿ ವಿಶ್ವವಿದ್ಯಾಲಯದ ಹುಡುಗರೇ ಹೆಚ್ಚು. ಅವರು ಕುದುರೆಯನ್ನು ಉಸಿರುಗಟ್ಟುವಂತೆ ಓಡಿಸುವವರು. ಎಲ್ಲರಿಗೂ ಚುರುಕಾದ ಕುದುರೆಯೇ ಬೇಕು. ಕೇಳಿದವರಿಗೆಲ್ಲ ಅದನ್ನೇ ಕೊಟ್ಟರೆ ಆ ಪ್ರಾಣಿಯ ಗತಿ ಏನಾಗಬೇಕು? ಅದಕ್ಕೇ ಹಾಬ್ಸನ್ ಒಂದು ಕಟ್ಟುಪಾಡು ಮಾಡಿದ. ಲಾಯದ ಬಾಗಿಲಿಗೆ ಹತ್ತಿರ ನಿಂತ ಕುದುರೆಯನ್ನೇ ಒಯ್ಯಬೇಕು. ದುಡಿದು ಬಂದದ್ದು ಸಾಲಿನ ಹಿಂದಕ್ಕೆ ಹೋಗುತ್ತದೆ, ದಣಿವಾರಿಸಿಕೊಂಡದ್ದು ಮುಂದಕ್ಕೆ ಬರುತ್ತದೆ. ಎಷ್ಟೇ ದೊಡ್ಡ ಮನೆತನದ ಹುಡುಗ ಬಂದರೂ ಇದೇ ನಿಯಮ.

ಅವನ ಲಾಯದಲ್ಲಿ 40 ಕುದುರೆಗಳಿದ್ದವು ಎಂದು 1712ರ ‘ಸ್ಪೆಕ್ಟೇಟರ್’ ಪತ್ರಿಕೆ ಬರೆದಿದೆ. ಗಿರಾಕಿಗಳಲ್ಲಿ ಭೇದವಿರಲಿಲ್ಲ, ಪ್ರತಿ ಕುದುರೆಗೂ ಒಂದೇ ನ್ಯಾಯ ಸಿಗುತ್ತಿತ್ತು ಎಂದೂ ಅದರಲ್ಲಿದೆ. ನನ್ನ ಮನಸ್ಸು ನಿಲ್ಲುವುದು ಇಲ್ಲೇ. ಇಂದು ನಾವು ಈ ನುಡಿಯನ್ನು ಆಡುವುದು ಬೇಸರದಿಂದ, ಬೇರೆ ದಾರಿಯಿಲ್ಲ ಎಂಬ ದೂರಿನಂತೆ. ಅದು ಸವಾರನ ದೂರು. ದಣಿದ ಕುದುರೆಯ ಕಡೆಯಿಂದ ನೋಡಿದರೆ ಅದೇ ನಿಯಮ ಕರುಣೆ, ವಿವೇಕವುಳ್ಳ ವ್ಯವಹಾರವೂ ಹೌದು.

1630ರಲ್ಲಿ ಪ್ಲೇಗ್ ಬಂದು ಅವನ ಲಂಡನ್ ಪ್ರಯಾಣ ನಿಂತಿತು. ಮರುವರ್ಷ ಜನವರಿಯಲ್ಲಿ, 80 ದಾಟಿದ ವಯಸ್ಸಿನಲ್ಲಿ, ಹಾಬ್ಸನ್ ತೀರಿಕೊಂಡ. ಆಗ ಕೇಂಬ್ರಿಡ್ಜಿನಲ್ಲಿ ಓದುತ್ತಿದ್ದ ಕವಿ ಜಾನ್ ಮಿಲ್ಟನ್ ಅವನ ಮೇಲೆ ಎರಡು ಪದ್ಯ ಬರೆದ. ಗಾಡಿ ಉರುಳುತ್ತಿರುವವರೆಗೆ ಸಾವಿಗೂ ಇವನು ಸಿಗಲಿಲ್ಲ ಎಂಬುದು ಅವುಗಳಲ್ಲಿನ ಚಮತ್ಕಾರ. 1660ರ ಹೊತ್ತಿಗೆ ಹಾಬ್ಸನ್ನನ ಹೆಸರು ಅಚ್ಚಿನಲ್ಲಿ ಗಾದೆಯಾಗಿಯೇ ಕಾಣಿಸಿಕೊಂಡಿದೆ.

ಕೇಂಬ್ರಿಡ್ಜಿಗೆ ಶುದ್ಧ ನೀರು ತಂದ ಕಾಲುವೆಗೂ ಅವನದೇ ಹೆಸರು. ಅದು ತಯಾರಾಗಲು ನೆರವಾದವರಲ್ಲಿ ಹಾಬ್ಸನ್ನನೂ ಒಬ್ಬ. ಮುಂದೆ ಅದರ ನಿರ್ವಹಣೆಗೆಂದು ಜಮೀನನ್ನೂ ಬರೆದಿಟ್ಟ. ಟ್ರಂಪಿಂಗ್ಟನ್ ಬೀದಿಯ ಅಂಚಿನಲ್ಲಿ ಆ ನೀರಿನ ದಾರಿಯನ್ನು ಈಗಲೂ ನೋಡಬಹುದು.

ನಮಸ್ಕಾರ.