ಡಾಕ್ಟರು ಮತ್ತು ಇಂಜಿನಿಯರು: ಬೆಳಗಾವಿಯಲ್ಲಿ ಇಬ್ಬರಿಗೂ ಒಟ್ಟಿಗೆ ಕಲಿಸೋಣ

ನಮಸ್ಕಾರ ಎಲ್ಲರಿಗೂ.

ನಮ್ಮ ಕಡೆ ಯಾವ ಇಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟ್ ಪ್ರದರ್ಶನಕ್ಕೆ ಹೋದರೂ ಒಂದು ವಿಷಯ ಸಿಕ್ಕೇ ಸಿಗುತ್ತದೆ. ಮಷಿನ್ ಲರ್ನಿಂಗ್ ಬಳಸಿ, ಅಂದರೆ ಹಳೆಯ ದಾಖಲೆಗಳಿಂದ ಕಂಪ್ಯೂಟರಿಗೆ ಕಲಿಸಿ, ಸಕ್ಕರೆ ಕಾಯಿಲೆ ಪತ್ತೆ ಹಚ್ಚುವುದು. ಡೇಟಾ ಎಲ್ಲಿಂದ ತಂದ್ರಿ ಅಂತ ಕೇಳಿದರೆ ಎಷ್ಟೋ ಸಲ ಬರುವ ಉತ್ತರ ಒಂದೇ: ಪಿಮಾ ಡೇಟಾಸೆಟ್. ಅಮೆರಿಕದ ಅರಿಜೋನಾದ ಪಿಮಾ ಬುಡಕಟ್ಟಿನ 768 ಹೆಂಗಸರ ವಿವರ ಅದು. ಅದರಲ್ಲಿ ಒಬ್ಬ ಗಂಡಸೂ ಇಲ್ಲ.

ಆ ಫೈಲನ್ನು ಒಮ್ಮೆ ತೆರೆದು ನೋಡಿ. 35 ಸಾಲುಗಳಲ್ಲಿ ಬಿಪಿ ಸೊನ್ನೆ ಅಂತಿದೆ. 374 ಸಾಲುಗಳಲ್ಲಿ ಇನ್ಸುಲಿನ್ ಸೊನ್ನೆ. ಬಿಪಿ ಸೊನ್ನೆಯಾದ ಮನುಷ್ಯ ಬದುಕಿರುವುದಿಲ್ಲ. ಅಲ್ಲಿ ಅಳತೆಯೇ ಇಲ್ಲ, ಖಾಲಿ ಜಾಗಕ್ಕೆ ಸೊನ್ನೆ ಬಂದು ಕೂತಿದೆ. ಎಷ್ಟೋ ಹುಡುಗರು ಆ ಸೊನ್ನೆಗಳನ್ನು ಹಾಗೇ ಕಂಪ್ಯೂಟರಿಗೆ ಕೊಟ್ಟು, ಅಕ್ಯುರಸಿ, ಅಂದರೆ ನೂರಕ್ಕೆ ಎಷ್ಟು ಉತ್ತರ ಸರಿ, ಎಷ್ಟು ಬಂತು ಅಂತ ಪೋಸ್ಟರ್ ಮೇಲೆ ದೊಡ್ಡದಾಗಿ ಬರೆಯುತ್ತಾರೆ. ಬುದ್ಧಿವಂತ ಮಕ್ಕಳೇ ಅವರು. ಪಕ್ಕದಲ್ಲಿ ಒಬ್ಬ ಎಂಬಿಬಿಎಸ್ ಹುಡುಗಿ ಕೂತಿದ್ದರೆ ಒಂದೇ ನಿಮಿಷದಲ್ಲಿ ಬೆರಳಿಟ್ಟು ತೋರಿಸುತ್ತಿದ್ದಳು. ಅವಳು ಪಕ್ಕದಲ್ಲಿ ಇಲ್ಲ. ನನ್ನ ಸಂಕಟ ಇದೇ.

ಯಾಕೆ ಇಲ್ಲ? ನಮ್ಮೂರಲ್ಲಿ ಏನು ಕಡಿಮೆ ಇದೆ ಹೇಳಿ. ಇಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯ ವಿಟಿಯು 1998ರಲ್ಲಿ ಶುರುವಾದದ್ದು ಬೆಳಗಾವಿಯಲ್ಲೇ. ಜೆಎನ್‌ಎಂಸಿ ಮೆಡಿಕಲ್ ಕಾಲೇಜು 1963ರಿಂದ ಇದೆ. ಸರ್ಕಾರಿ ಮೆಡಿಕಲ್ ಕಾಲೇಜು ಬಿಮ್ಸ್ ಊರೊಳಗೇ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಸಂಸ್ಥೆಯೊಂದು ನೆಹರು ನಗರದಲ್ಲಿದೆ. ಗೋಕಾಕ, ಅಥಣಿ, ಸವದತ್ತಿ, ಖಾನಾಪುರ, ಎಲ್ಲ ಕಡೆಯ ರೋಗಿಗಳು ಈ ಊರಿನ ಆಸ್ಪತ್ರೆಗಳಿಗೇ ಬರುತ್ತಾರೆ. ಆದರೂ ನಮ್ಮ ಹುಡುಗರು ಅರಿಜೋನಾದ ಫೈಲ್ ಇಳಿಸಿಕೊಳ್ಳುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ ಅಲ್ವಾ?

ಜೊತೆಗೂಡಿ ಸಂಶೋಧನೆ ಮಾಡುವುದು ನಮಗೆ ಹೊಸದೇನಲ್ಲ. 2006ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಅದು ನಡೆದದ್ದು ಇದೇ ಜಿಲ್ಲೆಯ ಹಳ್ಳಿಗಳಲ್ಲಿ. ಜೆಎನ್‌ಎಂಸಿಯವರೂ ಅಮೆರಿಕದ ವಿಶ್ವವಿದ್ಯಾಲಯದವರೂ ಸೇರಿ ಮಾಡಿದ ಕೆಲಸ. ಹೆರಿಗೆ ಆದ ಮೇಲೆ ವಿಪರೀತ ರಕ್ತ ಹೋಗುವುದನ್ನು ಮಿಸೊಪ್ರೊಸ್ಟಾಲ್ ಮಾತ್ರೆಯಿಂದ ತಡೆಯಬಹುದಾ ಅನ್ನುವುದು ಪ್ರಶ್ನೆ. ಮನೆಯಲ್ಲಿ, ಉಪಕೇಂದ್ರದಲ್ಲಿ ಹೆರಿಗೆ ಮಾಡಿಸುತ್ತಿದ್ದ ಎಎನ್‌ಎಂ ಸಿಸ್ಟರ್‌ಗಳೇ ಮಾತ್ರೆ ಕೊಟ್ಟರು. 1,620 ತಾಯಂದಿರು. ಅರ್ಧದಷ್ಟು ಜನಕ್ಕೆ ಔಷಧ, ಉಳಿದವರಿಗೆ ಔಷಧವಿಲ್ಲದ ಅದೇ ತರಹದ ಮಾತ್ರೆ. ಔಷಧ ಸಿಗದವರಲ್ಲಿ ಶೇ 12ರಷ್ಟು ಜನಕ್ಕೆ ವಿಪರೀತ ರಕ್ತಸ್ರಾವ ಆಯಿತು. ಸಿಕ್ಕವರಲ್ಲಿ ಅದು ಶೇ 6.4.

ಈ ಕೆಲಸದಲ್ಲಿ ನನ್ನ ಕಣ್ಣು ನಿಲ್ಲುವುದು ರಕ್ತ ಅಳೆದ ರೀತಿಯ ಮೇಲೆ. ಮಗು ಹೊರಗೆ ಬಂದ ಕೂಡಲೇ ತಾಯಿಯ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ಹಾಳೆಯ ತುದಿ ಕೆಳಗೆ ಇಳಿದು ಚೀಲದಂತಾಗುತ್ತದೆ. ಚೀಲದ ಮೇಲೆ ಮಿಲಿಲೀಟರ್ ಗೆರೆಗಳಿವೆ. ರಕ್ತ ಅದರೊಳಗೆ ಇಳಿಯುತ್ತದೆ, ಸಿಸ್ಟರ್ ಗೆರೆ ನೋಡಿ ಬರೆದುಕೊಳ್ಳುತ್ತಾರೆ. 500 ಮುಟ್ಟಿದರೆ ವಿಪರೀತ ಅಂತ ಲೆಕ್ಕ. ಅದಿಲ್ಲದ ಕಡೆ ಕಣ್ಣಂದಾಜೇ ಗತಿ. ಕಣ್ಣಂದಾಜು ಎಷ್ಟು ತಪ್ಪುತ್ತದೆ ಅಂತಲೂ ಬೆಳಗಾವಿಯಲ್ಲೇ ಹೋಲಿಸಿ ನೋಡಿದರು. ಚೀಲದ ಅಳತೆಗಿಂತ ಶೇ 33ರಷ್ಟು ಕಡಿಮೆ ಬಂತು!

ಈಗ ಯೋಚಿಸಿ. ಆ ಕಣ್ಣಂದಾಜಿನ ಅಂಕಿಗಳನ್ನೇ ಕೊಟ್ಟು ಒಂದು ಮಾಡೆಲ್‌ಗೆ, ಅಂದರೆ ಅಂಕಿ ನೋಡಿ ಊಹಿಸುವ ಕಂಪ್ಯೂಟರ್ ಪ್ರೋಗ್ರಾಮಿಗೆ, ಕಲಿಸಿದ್ದರೆ, ಅದು ಅಪಾಯದಲ್ಲಿರುವ ತಾಯಿಯನ್ನೂ ಆರಾಮಾಗಿದ್ದಾಳೆ ಅಂತ ಹೇಳುತ್ತಿತ್ತು. ಯಾವ ಕೋಡ್ ಕೂಡ ಅದನ್ನು ಸರಿಮಾಡುತ್ತಿರಲಿಲ್ಲ. ಅದು ಸರಿಯಾಗಬೇಕಾದದ್ದು ಹೆರಿಗೆ ಕೋಣೆಯಲ್ಲಿ. ನಮ್ಮ ಇಂಜಿನಿಯರಿಂಗ್ ಮಕ್ಕಳಿಗೆ ಇದನ್ನು ಯಾರು ಕಲಿಸುತ್ತಾರೆ? ಎರಡು ದಿನದ ವರ್ಕ್‌ಶಾಪ್ ಮಾಡಿ, ಸರ್ಟಿಫಿಕೇಟ್ ಕೊಟ್ಟು, ಗ್ರೂಪ್ ಫೋಟೊ ತೆಗೆದರೆ ಇದು ಬರುವುದಿಲ್ಲ.

ಅಂಕಿ ಸರಿಯಿದ್ದರೂ ಅರ್ಥ ತಪ್ಪಬಹುದು. ಅಮೆರಿಕದಲ್ಲಿ 1990ರ ದಶಕದಲ್ಲಿ ನ್ಯುಮೋನಿಯಾ ರೋಗಿಗಳ ದಾಖಲೆ ಕೊಟ್ಟು, ಯಾರಿಗೆ ಸಾವಿನ ಅಪಾಯ ಜಾಸ್ತಿ ಅಂತ ಕಂಪ್ಯೂಟರಿಗೆ ಕಲಿಸಿದರು. ಅಸ್ತಮಾ ಇದ್ದವರಿಗೆ ಅಪಾಯ ಕಡಿಮೆ ಅಂತ ಅದು ಕಲಿತುಕೊಂಡಿತು. ದಾಖಲೆಯಲ್ಲಿ ಇದ್ದದ್ದೂ ಹಾಗೇ. ಆದರೆ ಕಾರಣ ಬೇರೆ. ಅಸ್ತಮಾ ಇರುವವರಿಗೆ ನ್ಯುಮೋನಿಯಾ ಬಂದರೆ ಡಾಕ್ಟರು ನೇರವಾಗಿ ಐಸಿಯುಗೆ ಹಾಕುತ್ತಿದ್ದರು, ಅದಕ್ಕೇ ಅವರು ಬದುಕುತ್ತಿದ್ದರು. ಆ ಮಾಡೆಲ್ ಮಾತು ನಂಬಿ ಅವರನ್ನು ಮನೆಗೆ ಕಳಿಸಿದ್ದರೆ ಏನಾಗುತ್ತಿತ್ತು ಅಂತ ನಿಮಗೇ ಗೊತ್ತು.

ನಮ್ಮಲ್ಲೂ ಇಂಥದ್ದು ಇದ್ದೇ ಇರುತ್ತದೆ. ಕಬ್ಬು ಕಡಿಯುವ ಗ್ಯಾಂಗ್‌ನವರು ಸೀಸನ್ ಮುಗಿದ ಮೇಲೆ ಊರು ಬಿಡುತ್ತಾರೆ. ಟಿಬಿ ಔಷಧ ತೆಗೆದುಕೊಳ್ಳುತ್ತಿದ್ದವರು ಮುಂದಿನ ತಿಂಗಳು ಬರದಿದ್ದರೆ ರಿಜಿಸ್ಟರ್‌ನಲ್ಲಿ ಆ ಕಾಲಂ ಖಾಲಿ. ಗುಣವಾಯಿತಾ, ಔಷಧ ಬಿಟ್ಟರಾ, ಬೇರೆ ಊರಲ್ಲಿ ತೆಗೆದುಕೊಳ್ಳುತ್ತಿದ್ದಾರಾ? ಲ್ಯಾಪ್‌ಟಾಪ್ ಮುಂದೆ ಕೂತವನಿಗೆ ಇದು ಹೊಳೆಯುವುದು ಕಷ್ಟ. ಒಪಿಡಿಯಲ್ಲಿ ಕೂತವಳಿಗೆ ಗೊತ್ತಿರುತ್ತದೆ.

ಹಾಗಾಗಿ ನಾನು ಕೇಳುವುದು ಇದನ್ನು. ಎಂಡಿ, ಎಂಎಸ್ ಮಾಡುವ ಪ್ರತಿಯೊಬ್ಬ ಪಿಜಿಗೂ ಥೀಸಿಸ್ ಕಡ್ಡಾಯ. ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಪ್ರಾಜೆಕ್ಟ್ ಕಡ್ಡಾಯ. ಎರಡೂ ಹೇಗೂ ನಡೆಯಬೇಕಾದ ಕೆಲಸ. ಇಬ್ಬರಿಗೂ ಒಂದೇ ಪ್ರಶ್ನೆ ಕೊಡಿ. ಡೇಟಾ ಸಿದ್ಧವಾದ ಮೇಲೆ ಇಂಜಿನಿಯರ್‌ನನ್ನು ಕರೆಯುವುದು ಬೇಡ, ಪ್ರಶ್ನೆ ಹುಟ್ಟುವ ದಿನವೇ ಕರೆಯಿರಿ. ಆ ಹುಡುಗ ವಾರಕ್ಕೊಮ್ಮೆ ಒಪಿಡಿಯಲ್ಲಿ ಕೂರಲಿ. ಆ ಡಾಕ್ಟರ್ ಹುಡುಗಿ ಕಂಪ್ಯೂಟರಿಗೆ ಕಲಿಸುವ ಟ್ರೇನಿಂಗ್ ಡೇಟಾ ಯಾವುದು, ಕಲಿತದ್ದನ್ನು ಪರೀಕ್ಷಿಸುವ ಟೆಸ್ಟ್ ಡೇಟಾ ಯಾಕೆ ಬೇರೆ ಇಡಬೇಕು ಅಂತ ಕಲಿಯಲಿ.

ಯುರೋಪಿನಲ್ಲಿ ಮಾರಿ ಕ್ಯೂರಿ ಹೆಸರಿನ ತರಬೇತಿ ಯೋಜನೆ ಇದೆ. ಅಲ್ಲಿ ಪಿಎಚ್‌ಡಿಗೆ ಸೇರುವ ಮುಂಚಿನ ಮೂರು ವರ್ಷದಲ್ಲಿ, ಸೇರಲಿರುವ ಸಂಸ್ಥೆ ಇರುವ ದೇಶದಲ್ಲೇ 12 ತಿಂಗಳಿಗಿಂತ ಜಾಸ್ತಿ ಇದ್ದವರಿಗೆ ಅವಕಾಶ ಇಲ್ಲ. ಬೇರೆ ಕಡೆ ಹೋಗಿ ಬೇರೆಯವರ ಜೊತೆ ಕಲಿಯಲೇಬೇಕು ಅನ್ನುವ ಹಟ ಅದು. ನಾವು ದೇಶ ದಾಟಬೇಕಿಲ್ಲ. ವಿಟಿಯು ಇರುವ ಮಚ್ಛೆಯಿಂದ ಜೆಎನ್‌ಎಂಸಿ ಇರುವ ನೆಹರು ನಗರಕ್ಕೆ ಬಂದರೆ ಸಾಕು.

ಪಿಜಿಗಳಿಗೆ ನಿದ್ದೆ ಮಾಡಲೂ ಟೈಮಿಲ್ಲ ಅಂತೀರಿ. ನಿಜ. ಅದಕ್ಕೇ ಹೊಸ ಹೊರೆ ಬೇಡ, ಇರುವ ಥೀಸಿಸ್ಸನ್ನೇ ಬಳಸಿ ಅಂತಿದ್ದೇನೆ. ರೋಗಿಗಳ ಮಾಹಿತಿ ಸೋರಿದರೆ ಅನ್ನುವ ಭಯವೂ ನಿಜ. ಸುಮ್ನೆ ಎಕ್ಸ್‌ರೇ ಫೋಟೊ ತೆಗೆದು ವಾಟ್ಸ್ಯಾಪ್‌ನಲ್ಲಿ ಗೆಳೆಯನಿಗೆ ಕಳಿಸುವುದನ್ನು ನಾನು ಒಪ್ಪುವುದೇ ಇಲ್ಲ. ಎಐ ಸಂಶೋಧನೆಗೆ ಐಸಿಎಂಆರ್ 2023ರಲ್ಲೇ ನೈತಿಕ ಮಾರ್ಗಸೂಚಿ ಕೊಟ್ಟಿದೆ. ಎಥಿಕ್ಸ್ ಕಮಿಟಿ ಮುಂದೆ ಇಬ್ಬರೂ ಒಟ್ಟಿಗೆ ಹೋಗಿ ನಿಲ್ಲಲಿ. ರೋಗಿಯ ಒಪ್ಪಿಗೆ ಕೇಳುವಾಗಲೂ ಇಬ್ಬರೂ ಇರಲಿ. ಕನ್ನಡ ಬಂದವರಿಗೆ ಕನ್ನಡದಲ್ಲಿ, ಮರಾಠಿ ಬಂದವರಿಗೆ ಮರಾಠಿಯಲ್ಲಿ, ಅರ್ಥವಾಗುವ ಹಾಗೆ ಹೇಳಿ. ಬೇಡ ಅಂದರೆ ಬಿಟ್ಟುಬಿಡಿ.

ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಥೀಸಿಸ್ ಮೇಲೂ ಪ್ರಾಜೆಕ್ಟ್ ವರದಿ ಮೇಲೂ ಇಬ್ಬರು ಗೈಡ್‌ಗಳ ಸಹಿ ಇರಲು ಇಂಜಿನಿಯರಿಂಗ್ ಮತ್ತು ವೈದ್ಯಕೀಯ, ಎರಡೂ ಕಡೆಯ ವಿಶ್ವವಿದ್ಯಾಲಯಗಳು ಒಪ್ಪಬೇಕು. ಪ್ರಾಜೆಕ್ಟ್ ಪರೀಕ್ಷೆಗೆ ಒಬ್ಬ ಡಾಕ್ಟರನ್ನೂ ಕರೆಯಬೇಕು. ಅದಾಗುವವರೆಗೆ ಕಾಯಬೇಡಿ. ನೀವು ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದರೆ, ಈಗ ಪಿಜಿಗೆ ಸೇರಿ ಸಿನಾಪ್ಸಿಸ್‌ಗೆ, ಅಂದರೆ ಥೀಸಿಸ್‌ನ ಮೊದಲ ಯೋಜನೆಗೆ, ವಿಷಯ ಹುಡುಕುತ್ತಿರುವ ಒಬ್ಬ ಡಾಕ್ಟರನ್ನು ಹುಡುಕಿ. ನಿಮ್ಮ ಅಕ್ಕನೋ, ಪಕ್ಕದ ಮನೆಯವರೋ, ಯಾರಾದರೂ ಇದ್ದೇ ಇರುತ್ತಾರೆ. ಈ ವಾರವೇ ಮಾತಾಡಿ. ವಾರ್ಡಿನಲ್ಲಿ ನಿಮಗೆ ದಿನಾ ಕಾಡುವ ಪ್ರಶ್ನೆ ಯಾವುದು ಅಂತ ಮೊದಲು ಕೇಳಿ.