ಶಿಯಾನ್‌ನಲ್ಲಿ ದಿನಕ್ಕೆ ಒಂದೇ ಜಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಪತ್ರಿಕೆಗಳು ಕ್ಸಿಯಾನ್ ಅಂತ ಬರೆಯುತ್ತವಲ್ಲ, ಚೀನಾದ ಆ ಹಳೇ ಊರು ಶಿಯಾನ್‌ಗೆ ನಾನು ನಾಲ್ಕು ಸಲ ಹೋಗಿ ಬಂದಿದ್ದೇನೆ. ಇತಿಹಾಸ ಕಲಿಸಿದವಳು ಬೇರೆ. ಹಾಗಾಗಿ ಮಕ್ಕಳನ್ನು ಕರೆದುಕೊಂಡು ಹೊರಟವರು ಒಂದು ಪಟ್ಟಿ ತಂದು, 'ಸರಿಯಾಗಿದೆಯಾ ನೋಡಿ ಮೇಡಂ' ಅನ್ನುತ್ತಾರೆ. ಮೂರು ದಿನ, ಹದಿನಾಲ್ಕು ಜಾಗ, ಜೊತೆಗೆ ಐದು ವರ್ಷದ ಮಗು! ನಾನು ಪೆನ್ನು ತೆಗೆದು ಹನ್ನೊಂದನ್ನು ಹೊಡೆದು ಹಾಕುತ್ತೇನೆ. ದಿನಕ್ಕೆ ಒಂದೇ ಜಾಗ. ಇವತ್ತು ನಾನು ಹೇಳಬೇಕಾಗಿರುವುದು ಇಷ್ಟೇ.

ಎಲ್ಲರೂ ಮೊದಲು ಓಡುವುದು ಮಣ್ಣಿನ ಸೈನಿಕರನ್ನು ನೋಡಲು. ಚೀನಾದ ಮೊದಲ ಚಕ್ರವರ್ತಿಯ ಸಮಾಧಿಗೆ ಕಾವಲಾಗಿ ಹೂತಿಟ್ಟಿದ್ದ, 1974ರಲ್ಲಿ ರೈತರು ಬಾವಿ ತೋಡುವಾಗ ಸಿಕ್ಕಿದ ಮಣ್ಣಿನ ಬೊಂಬೆಗಳ ಸೈನ್ಯ ಅದು. ಅವರು ನಿಂತಿರುವ ಗುಂಡಿಗಳಲ್ಲಿ ಮೊದಲನೆಯದೇ 230 ಮೀಟರ್ ಉದ್ದ. ದೊಡ್ಡವರು ಕಟಕಟೆಗೆ ಒರಗಿ 'ಅಬ್ಬಾ' ಅನ್ನುತ್ತಾರೆ. ಮಗುವಿಗೆ ಕಾಣುವುದು ಮುಂದಿನವರ ಸೊಂಟ. ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಒಬ್ಬನ ಮುಖದಂತೆ ಇನ್ನೊಬ್ಬನದಿಲ್ಲ, ನಿನಗೆ ಇಷ್ಟವಾದ ಮೀಸೆ ಹುಡುಕು ಅಂತ ಮಗುವಿಗೆ ಒಂದು ಕೆಲಸ ಕೊಡಿ. ನೋಡಿದಿರಾ? ಊಟ ಮಾಡಿ, ರೂಮಿಗೆ ಬಂದು ಮಲಗಿ. ಸಂಜೆಗೆ ಇನ್ನೊಂದನ್ನು ತುರುಕಬೇಡಿ.

ನಾನೂ ತುರುಕಿದವಳೇ. ಎರಡನೇ ಸಲ ಮಗಳು, ಅಳಿಯ, ಆರು ವರ್ಷದ ಮೊಮ್ಮಗನ ಜೊತೆ ಹೋಗಿದ್ದೆ. ಬೆಳಿಗ್ಗೆ ಕೋಟೆ, ಮಧ್ಯಾಹ್ನ ಮ್ಯೂಸಿಯಂ, ಸಂಜೆ ಪಗೋಡ, ಅಂದರೆ ಬೌದ್ಧರ ಗೋಪುರ, ಎಂಬ ಲೆಕ್ಕ. ಕೋಟೆಗೋಡೆಗೂ ಕಂದಕಕ್ಕೂ ನಡುವೆ ಸುತ್ತಲೂ ಒಂದು ಪಾರ್ಕ್ ಇದೆ. ಅಲ್ಲಿ ಒಬ್ಬ ಅಜ್ಜ ಚಾವಟಿಯಲ್ಲಿ ಬುಗುರಿ ಹೊಡೆಯುತ್ತಿದ್ದರು. ನಾವು ದಾರ ಸುತ್ತಿ ಎಸೆಯುತ್ತೇವೆ, ಅಲ್ವಾ? ಅವರದು ಹಾಗಲ್ಲ. ತೆಂಗಿನಕಾಯಿಯಷ್ಟು ದಪ್ಪ ಬುಗುರಿ, ಹೊಡೆದಷ್ಟೂ ತಿರುಗುತ್ತದೆ. ಚಾವಟಿ ಛಟೀರ್ ಅಂದರೆ ಎದೆ ಧಸಕ್ಕೆನ್ನುತ್ತದೆ.

ಹುಡುಗ ನಿಂತೇ ಬಿಟ್ಟ. ಅಜ್ಜ ಚಾವಟಿಯನ್ನು ಅವನ ಕೈಗೇ ಕೊಟ್ಟರು. ಮೊದಲ ಏಟು ಅವನ ಕಾಲಿಗೇ! ಎರಡನೆಯದೂ ಅಲ್ಲಿಗೇ. ಅಳಿಯ ಗಡಿಯಾರ ನೋಡಿದ. ಮ್ಯೂಸಿಯಂ ಟಿಕೆಟ್ಟು ಪಾಸ್‌ಪೋರ್ಟ್ ನಂಬರ್ ಕೊಟ್ಟು ಮೊದಲೇ ಮಾಡಿಸಿದ್ದು. ನಿಜ ಹೇಳಲಾ, ನನಗೂ ಸಿಟ್ಟು ಬಂದಿತ್ತು. ಮ್ಯೂಸಿಯಂನಲ್ಲಿರುವ, ಟಾಂಗ್ ರಾಜವಂಶದ ಕಾಲದ ಚಿನ್ನದ ಬಟ್ಟಲು ಬಿಟ್ಟು ಬುಗುರಿಯಾ? ಅಷ್ಟರಲ್ಲಿ ಬುಗುರಿ ಗುಂಯ್ ಅಂತು. ಸುತ್ತಲಿನ ಅಜ್ಜಿ ಅಜ್ಜಂದಿರೆಲ್ಲ ಚಪ್ಪಾಳೆ.

ಅಲ್ಲಿಗೆ ಮುಗಿಯಲಿಲ್ಲ. ಪಕ್ಕದಲ್ಲಿ ಇನ್ನೊಬ್ಬರು ಉದ್ದನೆಯ ಕುಂಚವನ್ನು ನೀರಿಗೆ ಅದ್ದಿ ಕಲ್ಲುಚಪ್ಪಡಿ ಮೇಲೆ ಚೀನೀ ಅಕ್ಷರ ಬರೆಯುತ್ತಿದ್ದರು. ಬರೆದದ್ದು ಬಿಸಿಲಿಗೆ ಆರಿ ಹೋಗುತ್ತದೆ, ಮತ್ತೆ ಬರೆಯುತ್ತಾರೆ. ಇವನು ಕುಂಚ ಇಸಿದುಕೊಂಡು ದೊಡ್ಡದಾಗಿ 'ಅ' ಬರೆದ. ಅವರು ಸುತ್ತ ಬಂದು ನೋಡಿದರು. ಆಮೇಲೆ ಕೆಳಗೇ ಅದೇ ಅಕ್ಷರ ಬರೆದರು, ಬಾಲ ಮಾತ್ರ ಉಲ್ಟಾ. ಇವನು ತಲೆ ಅಲ್ಲಾಡಿಸಿ ತಿದ್ದಿಸಿದ! ಮೂರು ಗಂಟೆ ಹೋಯಿತು. ಮ್ಯೂಸಿಯಂ ಹೋಯಿತು, ಪಗೋಡ ಹೋಯಿತು. ಆ ಹುಡುಗ ಈಗ ಹೈಸ್ಕೂಲು. ಸೈನಿಕರು ನೆನಪಿದ್ದಾರಾ ಎಂದರೆ, 'ಫೋಟೋದಲ್ಲಿ ಇದ್ದಾರಲ್ಲ' ಅನ್ನುತ್ತಾನೆ.

ಅಯ್ಯೋ, ಸಮಯ ಇದರಲ್ಲೇ ಆಗಿ ಹೋಯಿತು. ಬೇಗ ಹೇಳಿಬಿಡುತ್ತೇನೆ. ಕೋಟೆ ಸುತ್ತು ಸುಮಾರು 14 ಕಿಲೋಮೀಟರ್. ಗೋಡೆ ಮೇಲೆ ಓಡಿಸಲು ಬಾಡಿಗೆ ಸೈಕಲ್ ಉಂಟು, ಪೂರ್ತಿ ಸುತ್ತುವ ಹಟ ಬೇಡ. ಪಗೋಡಕ್ಕೆ ಹೋದರೆ ಮಕ್ಕಳಿಗೆ ಹ್ಯೂಯೆನ್ ತ್ಸಾಂಗ್ ಕಥೆ ಹೇಳಿ. ನಮ್ಮ ಇಮ್ಮಡಿ ಪುಲಿಕೇಶಿಯ ನಾಡನ್ನು ನೋಡಿ ಹೋದವನು, ಹೊತ್ತು ತಂದ ಗ್ರಂಥಗಳನ್ನು ಇಡಲು 652ರಲ್ಲಿ ಅದನ್ನು ಕಟ್ಟಿಸಿದ. ಆದರೆ ಅದಕ್ಕೂ ಒಂದು ದಿನ, ಬೇರೆಯೇ ದಿನ! ಮಾಂಸ ತಿನ್ನದವರು ನೂಡಲ್ಸ್ ಅಂಗಡಿಯಲ್ಲಿ 'ಬು ಯಾವ್ ರೋ', ಮಾಂಸ ಬೇಡ ಅನ್ನಿ. ರೈಲಿನಲ್ಲಿ, ಸ್ಟೇಷನ್ನಿನಲ್ಲಿ ಬಿಸಿನೀರು ಪುಕ್ಕಟೆ, ಫ್ಲಾಸ್ಕ್ ಇರಲಿ. ಟಿಶ್ಯೂ ನಿಮ್ಮ ಜೇಬಿನಲ್ಲೇ ಇರಲಿ.

ಇನ್ನೊಂದು. ಅಕ್ಟೋಬರ್ ಮೊದಲ ವಾರ ಇಡೀ ಚೀನಾಕ್ಕೆ ರಜೆ, ಎಲ್ಲಿ ನೋಡಿದರೂ ಜನ. ದಸರಾ ರಜೆಗೆ ಹೊರಡುವವರು ತಾರೀಖು ನೋಡಿಕೊಂಡೇ ಟಿಕೆಟ್ ಮಾಡಿಸಿ. ನಮಸ್ಕಾರ.