ರಾತ್ರಿ ಓದಿದ ಜರ್ಮನ್ ಬೆಳಿಗ್ಗೆ ಎಲ್ಲಿ ಹೋಗುತ್ತದೆ?

ನಮಸ್ಕಾರ. ಮಂಡ್ಯದ ಒಬ್ಬ ನರ್ಸಿಂಗ್ ವಿದ್ಯಾರ್ಥಿನಿ ಕೇಳಿದ್ದಾರೆ: "ಸರ್, ಜರ್ಮನಿಗೆ ಹೋಗೋಕೆ ಭಾಷೆ ಕಲೀತಿದ್ದೀನಿ. ರಾತ್ರಿ ಓದಿದ್ದು ಬೆಳಿಗ್ಗೆ ನೆನಪಿರಲ್ಲ. ನನ್ನ ತಲೆಗೆ ಹತ್ತಲ್ವಾ?"

ಖಂಡಿತ ಹತ್ತುತ್ತದೆ. ದಿನಾ ಒಂದೇ ಹೊತ್ತಿಗೆ ಕೂರಿ, ಫೋನ್ ದೂರ ಇಡಿ ಅನ್ನೋದು ನಿಮಗೆ ಗೊತ್ತೇ ಇದೆ. ಮುಂದೆ ಹೋಗೋಣ.

(ಪರದೆಯಲ್ಲಿ: ಇಳಿಯುವ ಗೆರೆ)

ಹೆರ್ಮನ್ ಎಬಿಂಗ್‌ಹೌಸ್ ಅಂತ ಒಬ್ಬ ಜರ್ಮನ್ ಮನಶ್ಶಾಸ್ತ್ರಜ್ಞರಿದ್ದರು. ಅರ್ಥವೇ ಇಲ್ಲದ ಉಚ್ಚಾರಗಳ ಪಟ್ಟಿ ಮಾಡಿಕೊಂಡು, ತಾವೇ ಬಾಯಿಪಾಠ ಮಾಡಿ, ಎಷ್ಟು ಉಳಿಯಿತು ಅಂತ ಅಳೆದರು. 1885ರಲ್ಲಿ ಅದನ್ನು ಪ್ರಕಟಿಸಿದರು. ಒಂದು ಗಂಟೆಯಲ್ಲೇ ಅರ್ಧಕ್ಕಿಂತ ಜಾಸ್ತಿ ಹೋಗಿತ್ತು. ಒಂದು ದಿನಕ್ಕೆ ಮೂರರಲ್ಲಿ ಎರಡು ಭಾಗ! ಹಾಗಾಗಿ ಮರೆವು ನಿಮ್ಮೊಬ್ಬರದೇ ಕಾಯಿಲೆ ಅಲ್ಲ.

ನನಗೆ ತುಂಬಾ ಇಷ್ಟವಾದದ್ದು ಇನ್ನೊಂದು. ಒಂದೇ ದಿನ 68 ಸಲ ಓದಿದ್ದಕ್ಕೆ ಸಿಕ್ಕ ಫಲ, ಮೂರು ದಿನಕ್ಕೆ ಹಂಚಿಕೊಂಡಾಗ ಬರೀ 38 ಸಲಕ್ಕೇ ಅವರಿಗೆ ಸಿಕ್ಕಿತು. ಶ್ರಮ ಹತ್ತಿರ ಹತ್ತಿರ ಅರ್ಧ!

ನಮ್ಮ ಮಂಡ್ಯದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯನ್ನೇ ನೋಡಿ. ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಾರಲ್ವಾ? ಇಷ್ಟು ದಿನ ನೀರು, ಇಷ್ಟು ದಿನ ಬಂದ್. ಇಡೀ ಬೆಳೆಯ ನೀರನ್ನು ಒಂದೇ ದಿನ ಕಬ್ಬಿನ ಗದ್ದೆಗೆ ಹರಿಸಿದರೆ ಬಸಿದು ಹೋಗುತ್ತದೆ. ಮಣ್ಣು ಸ್ವಲ್ಪ ಆರಿದ ಮೇಲೆ ಮತ್ತೆ ಹಾಯಿಸಿದರೆ ಬೇರಿಗೆ ಸಿಗುತ್ತದೆ. ಪದವೂ ಅಷ್ಟೇ. ಮರೆತು ಹೋಗುವ ಹೊತ್ತಿಗೆ, ಪುಸ್ತಕ ಮುಚ್ಚಿ, ಕಷ್ಟಪಟ್ಟು ನೆನಪಿಸಿಕೊಂಡರೆ ಗಟ್ಟಿಯಾಗುತ್ತದೆ. ಸುಮ್ನೆ ತಿರುಗಿ ತಿರುಗಿ ಓದಿದರೆ ಬಂದ ಹಾಗೆ ಅನ್ನಿಸುತ್ತದೆ, ಅಷ್ಟೇ.

ಪರೀಕ್ಷೆಯ ಹಿಂದಿನ ರಾತ್ರಿ ನೂರಾರು ಪದ ಉರು ಹೊಡೆಸುವ ಕ್ಲಾಸುಗಳ ಮೇಲೆ ನನಗೆ ನಿಜಕ್ಕೂ ಕೋಪವಿದೆ. ಮಕ್ಕಳು ಸಾಲ ಮಾಡಿ ಫೀಸು ಕಟ್ಟಿರುತ್ತಾರೆ.

ಮಾಡೋದು ಹೇಗೆ? 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಅನ್ನುವ ಲೇಖಕರು ಒಂದು ಪೆಟ್ಟಿಗೆಯ ಉಪಾಯ ಕೊಟ್ಟರು. ಖಾಲಿ ಸ್ವೀಟ್ ಡಬ್ಬಿಯಲ್ಲಿ ಐದು ಖಾನೆ ಮಾಡಿ. ಚೀಟಿಯ ಒಂದು ಕಡೆ ಕನ್ನಡ, ಇನ್ನೊಂದು ಕಡೆ ಜರ್ಮನ್. ಸರಿ ಹೇಳಿದ ಚೀಟಿ ಮುಂದಿನ ಖಾನೆಗೆ, ತಪ್ಪಿದ್ದು ವಾಪಸ್ ಮೊದಲನೆಯದಕ್ಕೆ. ಮೊದಲ ಖಾನೆಯನ್ನು ದಿನಾ ನೋಡಿ. ಮುಂದಿನವನ್ನು ಬರುಬರುತ್ತಾ ಜಾಸ್ತಿ ದಿನ ಬಿಟ್ಟು ನೋಡಿ. ಫೋನಲ್ಲೇ ಬೇಕು ಅನ್ನುವವರಿಗೆ ಆಂಕಿ ಅನ್ನುವ ಆ್ಯಪ್ ಇದೆ.

ಸಮಯ ಆಗುತ್ತಿದೆ, ಉಳಿದದ್ದು ಬೇಗ ಬೇಗ. ನಾಮಪದವನ್ನು ಅದರ ಲಿಂಗ ತೋರಿಸುವ ಡೆರ್, ಡೀ, ದಾಸ್ ಸೇರಿಸಿಯೇ ಬರೆಯಿರಿ. ಜೋರಾಗಿ ಹೇಳಿ. ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚ ವೆಲ್ಲೆಯ ಪಾಠಗಳು ಉಚಿತ. ಮಂಡ್ಯ–ಮೈಸೂರು ರೈಲಿನಲ್ಲಿ ಕಿವಿಗೆ ಹಾಕಿಕೊಳ್ಳಿ.

ಜರ್ಮನ್ ಮಾತಾಡಲು ಜೊತೆ ಇಲ್ಲದವರು ಏನು ಮಾಡಬೇಕು? ಅದು ಮುಂದಿನ ವಿಡಿಯೋದಲ್ಲಿ.